ನಿಂತ ಕಾರು ಬೇಕೋ, ಓಡಿದ ಕಾರು ಬೇಕೋ?

ಪ್ರಶ್ನೆ: ಅಣ್ಣಾರ, ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಾಗ ನಂದೊಂದು ಖಾನಾವಳಿ ಐತಿ. ವಯಸ್ಸು ನಲವತ್ತಾರು. ಕಾಲೇಜಿನಾಗ ಇದ್ದಾಗಿಂದ ಓಪನ್ ಟಾಪ್ ಕಾರಿನ ಹುಚ್ಚು. ಎಲ್ಲಾ ಸೇರಿ 25 ಲಕ್ಷ ತಗದು ಇಟ್ಟೀನಿ. ಎರಡು ಸೆಕೆಂಡ್‌ಹ್ಯಾಂಡ್ ಕಾರು ನೋಡೀನಿ. ಒಂದು ಬೆಂಗಳೂರಾಗ ಐತಿ. 2012ರ ಬಿಎಂಡಬ್ಲ್ಯು ಝಡ್4 35ಐ. ಬರೇ 19,000 ಕಿ.ಮೀ. ಓಡೈತಿ, ಒಬ್ಬರ ಮಾಲಕರು, ಬೇಸ್‌ಮೆಂಟಿನಾಗ ಕವರ್ ಹಾಕ್ಕೊಂಡು ನಿಂತೈತಿ. 24 ಲಕ್ಷ ಕೇಳ್ತಾರ. ಇನ್ನೊಂದು ಪುಣೇದಾಗ. 2017ರ ಆಡಿ ಎ3 ಕ್ಯಾಬ್ರಿಯೊಲೆ, 1.4 ಪೆಟ್ರೋಲ್, 68,000 ಕಿ.ಮೀ., ಇಬ್ಬರ ಕೈ ದಾಟೈತಿ, 20 ಲಕ್ಷ. ‘ಕಡಿಮಿ ಓಡಿದ್ದು ಅಂದ್ರ ಹೊಸಾ ಕಾರ್ ಇದ್ದಂಗ, ಸುಮ್ನ ಅದನ್ನ ತಗೊ’ ಅಂತಾನ ನನ್ನ ತಮ್ಮ. ನೀವೇನಂತೀರಿ?

ಉತ್ತರ: ನಿಮ್ಮ ತಮ್ಮನ ಮಾತು ಆಲ್ಟೋ ಕಾರಿಗಾದರೆ ಅರ್ಧ ಒಪ್ಪುತ್ತಿದ್ದೆ. ಓಪನ್ ಟಾಪ್ ಕಾರಿಗೆ ಒಪ್ಪುವುದಿಲ್ಲ. ನಾನಾದರೆ ಪುಣೆಯ ಆಡಿಯ ಕಡೆಗೇ ಹೊರಳುತ್ತೇನೆ. ಹಾಗಂತ 20 ಲಕ್ಷ ಕೊಡುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಮೀಟರಿನ ಲೆಕ್ಕ. 68,000 ಅಂದ ಕೂಡಲೇ ನೀವು ಹೌಹಾರಿದಂತಿದೆ. ಅದನ್ನು ಎಂಟು ವರ್ಷಕ್ಕೆ ಹಂಚಿ ನೋಡಿ, ದಿನಕ್ಕೆ 23 ಕಿ.ಮೀ. ಬರುತ್ತದೆ. ದಿನಾ ಒಮ್ಮೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋದಷ್ಟು, ವಾಪಸ್ ಬಂದದ್ದೂ ಇಲ್ಲ. ಇದನ್ನು ‘ಬಹಳ ಓಡಿದ ಕಾರು’ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಬೆಂಗಳೂರಿನದು ಹದಿಮೂರು ವರ್ಷಕ್ಕೆ 19,000. ದಿನಕ್ಕೆ ನಾಲ್ಕು ಕಿ.ಮೀ., ನಿಮ್ಮ ವಿದ್ಯಾನಗರದಿಂದ ಚೆನ್ನಮ್ಮ ಸರ್ಕಲ್‌ಗೆ ಹೋಗಿ ಬಂದಷ್ಟು. ಈ ಅಂಕಿ ನೋಡಿದರೆ ನನಗೆ ಮೊದಲು ಬರುವುದು ಅನುಮಾನ. ಎಂಜಿನ್ ಒಳಗೆ ಕೂಡುವ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲು ಆಯಿಲ್‌ನಲ್ಲಿ ಬೆರೆಯುತ್ತವೆ. ಅವು ಆವಿಯಾಗಿ ಹೋಗಬೇಕೆಂದರೆ ಎಂಜಿನ್ ಚೆನ್ನಾಗಿ ಕಾಯ್ದು ಅರ್ಧ ಗಂಟೆಯಾದರೂ ಓಡಬೇಕು. ನಾಲ್ಕು ಕಿ.ಮೀ.ಗೆ ಆಫ್ ಆಗುವ ಎಂಜಿನ್ನಿಗೆ ಆ ಭಾಗ್ಯ ಎಲ್ಲಿಯದು? ಇಂಥ ಕಾರಿನ ಮಾಲಕರು ‘ಇನ್ನೂ 10,000 ಆಗಿಲ್ಲಲ್ರೀ’ ಎಂದು ಒಂದೇ ಆಯಿಲ್‌ನಲ್ಲಿ ಮೂರ್ನಾಲ್ಕು ವರ್ಷ ದೂಡುವುದನ್ನು ನಾನು ಬಹಳ ಕಂಡಿದ್ದೇನೆ. ಆದ್ದರಿಂದ ಸರ್ವಿಸ್ ಬಿಲ್ಲುಗಳಲ್ಲಿ ಕಿಲೋಮೀಟರ್ ನೋಡುವ ಮೊದಲು ತಾರೀಖು ನೋಡಿ. ವರ್ಷಕ್ಕೊಂದು ಆಯಿಲ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಗಿರಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಕಾರು ನಿಂತಿದ್ದರೂ ಹೀರುತ್ತದೆ.

ರಬ್ಬರ್‌ಗೆ ಮೀಟರ್ ಓದಲು ಬರುವುದಿಲ್ಲ. ಟೈರು, ಕೂಲಂಟ್ ಪೈಪು, ಸಸ್ಪೆನ್ಷನ್ ಬುಷ್, ಗಾಜಿನ ಅಂಚಿನ ಬೀಡಿಂಗ್, ಎಲ್ಲಕ್ಕೂ ವಯಸ್ಸಿನದೇ ಹೊಡೆತ. ಝಡ್4ರ ಟೈರಿನ ಬದಿಯಲ್ಲಿ ಡಿಒಟಿ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2312 ಎಂದಿದ್ದರೆ 2012ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಹಲ್ಲು ಸವೆಯದೇ ಇದ್ದರೂ ಆ ಟೈರಿನ ಮೇಲೆ ಬೆಂಗಳೂರಿನಿಂದ ಹುಬ್ಬಳ್ಳಿಗೆ 400 ಕಿ.ಮೀ. ಹೈವೇ ಓಡಿಸಿಕೊಂಡು ಬರಬೇಡಿ, ಲಾರಿ ಮೇಲೆ ತರಿಸಿ. ಈ ಕಾರಿಗೆ ರನ್‌ಫ್ಲಾಟ್ ಟೈರು, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು. ನಾಲ್ಕೂ ಬದಲಿಸಿದರೆ ಲಕ್ಷದ ಹತ್ತಿರ ಹೋಗುತ್ತದೆ. ಮತ್ತೊಂದು ಮಾತು: ಮೀಟರ್ 19,000 ಹೇಳುತ್ತಿದ್ದು ಟೈರು 2016ರದ್ದಾಗಿದ್ದರೆ, ಮೊದಲ ಸೆಟ್ ನಾಲ್ಕು ವರ್ಷಕ್ಕೇ ಏಕೆ ಸವೆಯಿತು ಎಂದು ಕೇಳಿ. ಸ್ಕ್ಯಾನರ್ ಹಾಕಿದರೆ ಮೀಟರ್ ಬಿಟ್ಟು ಬೇರೆ ಮಾಡ್ಯೂಲ್‌ಗಳಲ್ಲೂ (ಕಾರಿನೊಳಗಿನ ಪುಟ್ಟ ಕಂಪ್ಯೂಟರ್‌ಗಳಲ್ಲೂ) ಕಿಲೋಮೀಟರ್ ದಾಖಲಾಗಿರುತ್ತದೆ, ಎರಡನ್ನೂ ತಾಳೆ ನೋಡಿಸಿ.

ಇನ್ನು ಮುಖ್ಯ ವಿಷಯ, ಟಾಪ್. ಓಪನ್ ಕಾರಿಗೆ ಎಂಜಿನ್ನಿಗಿಂತ ಹೆಚ್ಚು ಖರ್ಚು ತರುವುದು ಅದರ ತಲೆ. ಝಡ್4ರದ್ದು ಎರಡು ತುಂಡಿನ ಅಲ್ಯುಮಿನಿಯಂ ಹಾರ್ಡ್ ಟಾಪ್, ಮಡಚಲು ಸುಮಾರು 20 ಸೆಕೆಂಡು. ಎ3ದು ಬಟ್ಟೆಯ ಟಾಪ್, ಸುಮಾರು 18 ಸೆಕೆಂಡು, ಗಂಟೆಗೆ 50 ಕಿ.ಮೀ. ವೇಗದವರೆಗೆ ಓಡುತ್ತಲೂ ತೆರೆಯುತ್ತದೆ. ಎರಡರಲ್ಲೂ ಹೈಡ್ರಾಲಿಕ್ ಪಂಪು, ಪಿಸ್ಟನ್ನು, ಎಲ್ಲಿಗೆ ಬಂತು ಎಂದು ಹೇಳುವ ಸೆನ್ಸರ್‌ಗಳು. ತಿಂಗಳಿಗೆರಡು ಸಲ ತೆರೆದು ಮುಚ್ಚಿದ ಟಾಪ್ ಮೈ ಸಡಿಲಾಗಿ ಇರುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟದ್ದು ಸೀಲ್ ಒಣಗಿ ಆಯಿಲ್ ಜಿನುಗಿಸುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಶತ್ರು ನೀರು. ಧಾರವಾಡ ಸಪ್ತಾಪುರದ ಗಿರಾಕಿಯೊಬ್ಬರು 11,000 ಕಿ.ಮೀ. ಓಡಿದ ಓಪನ್ ಕಾರು ತಂದಿದ್ದರು. ಕಂಪನಿ ಹೆಸರು ಬೇಡ. ಹೊಳಪು ಹೇಗಿತ್ತೆಂದರೆ ಕನ್ನಡಿ. ಮನೆ ಮುಂದೆ ಗುಲ್‌ಮೊಹರ್ ಮರ, ಅದರ ಕೆಳಗೆ ಕಾರು. ಮೊದಲ ಶ್ರಾವಣದಲ್ಲೇ ಟಾಪ್ ಅರ್ಧಕ್ಕೆ ನಿಂತಿತು, ಮೇಲೆ ಜಿಟಿಜಿಟಿ ಮಳೆ. ತಾಡಪತ್ರಿ ಹೊದಿಸಿ ನಮ್ಮಲ್ಲಿಗೆ ಎಳೆಸಿಕೊಂಡು ಬಂದರು. ಡಿಕ್ಕಿಯ ಬದಿಯ ಲೈನಿಂಗ್ ಬಿಚ್ಚಿದರೆ ಒಳಗೆ ಗೇಣುದ್ದ ನೀರು, ಅದರಲ್ಲಿ ಟಾಪಿನ ಮೋಟರು ಮುಳುಗಿ ಕೂತಿದೆ. ಮಳೆನೀರು ಇಳಿದು ಹೋಗಲು ಟಾಪಿನ ಬುಡದಲ್ಲಿ ಕಿರುಬೆರಳು ಗಾತ್ರದ ಕೊಳವೆ ಇರುತ್ತದೆ. ತಂತಿ ಹಾಕಿ ಎಳೆದಾಗ ಅಗಿದು ಉಗಿದ ಎಲೆಅಡಿಕೆ ಚರಟದಂಥ ಕರಿ ಮುದ್ದೆ ಹೊರಬಂತು. ಗುಲ್‌ಮೊಹರ್‌ನ ಪುಡಿ ಎಲೆ, ನಮ್ಮ ಎರೆಮಣ್ಣಿನ ಧೂಳು, ಎರಡೂ ಸೇರಿ ಸಿಮೆಂಟ್ ಆಗಿದ್ದವು. ಮೋಟರಿಗೆ, ವೈರಿಂಗ್‌ಗೆ, ಭಾಗ ಬರುವ ತನಕ ಕಾಯ್ದ ಎರಡು ತಿಂಗಳಿಗೆ ಅವರು ತೆತ್ತ ಹಣದಲ್ಲಿ ಒಂದು ಒಳ್ಳೆಯ ಬೈಕ್ ಬರುತ್ತಿತ್ತು.

ಆದ್ದರಿಂದ ಕಾರು ನೋಡಲು ಹೋಗುವಾಗ ಜೊತೆಗೆ ಒಂದು ಲೀಟರ್ ನೀರಿನ ಬಾಟಲಿ ಒಯ್ಯಿರಿ. ಟಾಪಿನ ಬುಡದ ಗಟಾರದಂಥ ಜಾಗಕ್ಕೆ ನಿಧಾನಕ್ಕೆ ಸುರಿದು ಬಗ್ಗಿ ನೋಡಿ. ಹಿಂದಿನ ಗಾಲಿಯ ಹತ್ತಿರ ಧಾರೆಯಾಗಿ ಬಿದ್ದರೆ ಸರಿ. ತೊಟ್ಟಿಕ್ಕಿದರೆ ಅಥವಾ ಬೀಳದೇ ಹೋದರೆ ಮಾತು ಅಲ್ಲಿಗೇ ನಿಲ್ಲಿಸಿ. ಡಿಕ್ಕಿಯ ಮ್ಯಾಟ್ ಎತ್ತಿ ಕೈಯಾಡಿಸಿ, ಸೀಟಿನ ಕೆಳಗಿನ ಕಾರ್ಪೆಟ್ ಮೂಸಿ. ಕಾರಿನೊಳಗೆ ಸೆಂಟಿನ ಘಮ ಮೂಗಿಗೆ ಹೊಡೆದರೆ ಅದು ಯಾವ ವಾಸನೆಯನ್ನು ಮುಚ್ಚುತ್ತಿದೆ ಅಂತ ಅರ್ಥ ಮಾಡಿಕೊಳ್ಳಿ. ಟಾಪನ್ನು ಮೂರು ಸಲ ತೆರೆದು ಮುಚ್ಚಿಸಿ, ಮೊಬೈಲಿನಲ್ಲಿ ಸಮಯ ಹಿಡಿಯಿರಿ. ಮೊದಲನೆಯದು ಎಂಜಿನ್ ತಣ್ಣಗಿರುವಾಗಲೇ ಆಗಬೇಕು, ನೀವು ಹೋಗುವ ಮೊದಲೇ ಕಾರು ಬಿಸಿ ಮಾಡಿ ಇಡಬೇಡಿ ಎಂದು ಫೋನಿನಲ್ಲೇ ಹೇಳಿಬಿಡಿ.

ಈಗ ಎರಡೂ ಕಾರಿನ ಹುಳುಕು. ಝಡ್4 35ಐ ಅಂದರೆ ಮೂರು ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೊ ಇರುವ ಎಂಜಿನ್, 306 ಕುದುರೆ ಶಕ್ತಿ. ಅದರ ಸದ್ದಿಗೆ ನಾನೂ ಸೋತವನೇ. ಆದರೆ ಆ ಎಂಜಿನ್ನಿನ ಹೈ ಪ್ರೆಷರ್ ಫ್ಯುಯೆಲ್ ಪಂಪಿನ ತೊಂದರೆ ಜಗತ್ತಿಗೇ ಗೊತ್ತು, ಅಮೆರಿಕದಲ್ಲಿ ಕಂಪನಿಯೇ ಅದರ ವಾರಂಟಿ ಹತ್ತು ವರ್ಷಕ್ಕೆ ಏರಿಸಿತ್ತು. ಕೂಲಂಟ್ ಓಡಿಸುವುದು ವಿದ್ಯುತ್ ಪಂಪು, ಅದು ಕೈಕೊಡುವ ಮೊದಲು ಹೇಳಿ ಕೇಳಿ ಬರುವುದಿಲ್ಲ. ಜೊತೆಗೆ ಇಂದಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ, 2012ರಲ್ಲಿ ಇಷ್ಟು ಇರಲಿಲ್ಲ. ಎಥನಾಲ್ ನೀರು ಹಿಡಿಯುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ನಿಂತ ಕಾರಿಗೆ ಇದರ ಏಟು ಹೆಚ್ಚು.

ಆಡಿಯೇನೂ ಸಾಚಾ ಅಲ್ಲ. 1.4 ಎಂಜಿನ್ ಗಟ್ಟಿ, 150 ಕುದುರೆ ಶಕ್ತಿ. ಅದಕ್ಕಿರುವುದು ಟೈಮಿಂಗ್ ಬೆಲ್ಟ್, ಚೈನ್ ಅಲ್ಲ, ಎಂಟು ವರ್ಷವಾದ್ದರಿಂದ ಬೆಲ್ಟಿನ ಸ್ಥಿತಿ ಪರೀಕ್ಷೆ ಮಾಡಿಸಲೇಬೇಕು. ನಿಜವಾದ ಭಯ ಗೇರ್‌ಬಾಕ್ಸಿನದು. ಏಳು ಗೇರಿನ ಡ್ರೈ ಕ್ಲಚ್ ಆಟೊಮ್ಯಾಟಿಕ್, ಅಂದರೆ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ. ಇರುವೆ ಸಾಲಿನ ಟ್ರಾಫಿಕ್ ಅದಕ್ಕೆ ಆಗಿಬರುವುದಿಲ್ಲ, ಪುಣೆಯಲ್ಲಿ ಅದೇ ಟ್ರಾಫಿಕ್. ಇಪ್ಪತ್ತು ನಿಮಿಷ ಊರೊಳಗೆ ಓಡಿಸಿ, ಗೇರ್‌ಬಾಕ್ಸ್ ಕಾಯ್ದ ಮೇಲೆ ಒಂದು ಏರಿನಲ್ಲಿ ಬ್ರೇಕ್ ಬಿಟ್ಟು ತೆವಳಲು ಬಿಡಿ. ಒಂದನೇ ಗೇರಿನಿಂದ ಎರಡನೇ ಗೇರಿಗೆ ಬರುವಾಗ ಎತ್ತಿನಗಾಡಿಯಲ್ಲಿ ಕೂತಂತೆ ಗಡಗಡ ಅಂದರೆ ಕ್ಲಚ್ ಮುಗಿದಿದೆ. ಕ್ಲಚ್ ಮತ್ತು ಮೆಕಾಟ್ರಾನಿಕ್ (ಗೇರ್ ಬದಲಿಸುವ ಕಂಟ್ರೋಲ್ ಯೂನಿಟ್) ಎರಡೂ ಹೋಗಿದ್ದರೆ ಖರ್ಚು ಲಕ್ಷ ದಾಟುತ್ತದೆ. ಬದಲಿಸಿದ ಬಿಲ್ ಇದ್ದರೆ ಅದು ಈ ಕಾರಿನ ದೊಡ್ಡ ಗುಣ, 68,000 ಓಡಿದ್ದರಿಂದ ಬಂದ ಲಾಭ. ಕೆಡಬೇಕಾದ್ದು ಕೆಟ್ಟು, ಬೇರೆಯವರ ದುಡ್ಡಿನಲ್ಲಿ ರಿಪೇರಿ ಆಗಿರುತ್ತದೆ.

ಇನ್ನು 20 ಲಕ್ಷ ಯಾಕೆ ಕೊಡಬಾರದು ಎಂಬ ಮಾತು. ಬೆಂಗಳೂರಿನ ಕಾರು ನಮ್ಮ ರಾಜ್ಯದ್ದೇ, ಆಜೀವ ತೆರಿಗೆ ಕಟ್ಟಿ ಆಗಿದೆ, ಫಾರ್ಮ್ 29, 30 ಕೊಟ್ಟು ಹೆಸರು ಬದಲಿಸಿಕೊಂಡರೆ ಮುಗಿಯಿತು. ಪುಣೆಯ ಕಾರಿಗೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು, ಹುಬ್ಬಳ್ಳಿಯ ಕೆಎ-63 ನಂಬರು ಹಾಕಿಸಲು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಶೇ 18, ಕಾರಿನ ವಯಸ್ಸು ಹೆಚ್ಚಿದಂತೆ ಇಳಿಯುತ್ತದೆ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದ ಅಲ್ಲ, ಕಾರಿನ ಮೂಲ ಬೆಲೆಯಿಂದ. ಈ ಮಾದರಿ 2017ರಲ್ಲಿ ಬಿಡುಗಡೆಯಾದಾಗ ಶೋರೂಮ್ ಬೆಲೆಯೇ 48 ಲಕ್ಷದ ಹತ್ತಿರ ಇತ್ತು. ಎಂಟು ವರ್ಷದ ರಿಯಾಯಿತಿ ಕಳೆದರೂ ತೆರಿಗೆ ಲಕ್ಷಗಳಲ್ಲೇ ಬರುತ್ತದೆ. ಮಹಾರಾಷ್ಟ್ರದಲ್ಲಿ ಕಟ್ಟಿದ್ದರ ಉಳಿದ ಪಾಲು ವಾಪಸ್ ಕೇಳಬಹುದು, ಆದರೆ ಆ ದುಡ್ಡು ಕೈಗೆ ಬಂದ ದಿನ ಎಣಿಸಿಕೊಳ್ಳಿ, ಈಗ ಬೇಡ. ಹೋಗುವ ಮೊದಲೇ ಆರ್‌ಟಿಒದಲ್ಲಿ ಆರ್‌ಸಿ ನಕಲು ತೋರಿಸಿ ಮೊತ್ತ ತಿಳಿದುಕೊಳ್ಳಿ, ಅಷ್ಟನ್ನೂ ಚೌಕಾಸಿಯಲ್ಲಿ ಇಳಿಸಿ. ಅಷ್ಟು ಇಳಿದರೆ ತನ್ನಿ. ಕೆಎ ನಂಬರಿನದೇ ಇನ್ನೊಂದು ಸಿಗುವವರೆಗೆ ಆರು ತಿಂಗಳು ಕಾಯುವುದಾದರೆ ಇನ್ನೂ ಚೆಂದ.

ಝಡ್4ಕ್ಕೆ ತೆರಿಗೆಯ ಕಾಟ ಇಲ್ಲ, ಆದರೆ 2027ಕ್ಕೆ ಅದರ ಆರ್‌ಸಿಯ 15 ವರ್ಷ ಮುಗಿಯುತ್ತದೆ. ಆಗ ಫಿಟ್‌ನೆಸ್ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು, ಆಮದು ಕಾರಿಗೆ ಆ ಶುಲ್ಕ ಸಾಧಾರಣ ಕಾರಿಗಿಂತ ಬಹಳ ಹೆಚ್ಚು. ಹಾಗಂತ ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ವರ್ಷಕ್ಕೊಂದರಂತೆ ಹದಿಮೂರು ಬಿಲ್, ನಾಲ್ಕೈದು ವರ್ಷದೊಳಗಿನ ಟೈರು, ಬಾಟಲಿ ನೀರು ಸಲೀಸಾಗಿ ಇಳಿಯುವ ಕೊಳವೆ, ಇಷ್ಟಿದ್ದು 19 ಲಕ್ಷಕ್ಕೆ ಕೊಟ್ಟರೆ ನನಗೊಂದು ಫೋನ್ ಮಾಡಿ, ನಾನೇ ನೋಡಲು ಬರುತ್ತೇನೆ. 24 ಕೊಟ್ಟರೆ ನಿಮ್ಮ ಕೈಯಲ್ಲಿ ಒಂದು ಲಕ್ಷ ಉಳಿಯುತ್ತದೆ, ಅದು ಟೈರಿಗೇ ಹೋಯಿತು. ಇಂಥ ಕಾರಿಗೆ ಕನಿಷ್ಠ ನಾಲ್ಕು ಲಕ್ಷ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ವ್ಯಾಪಾರ ಮಾಡಿ.

ಅಂದ ಹಾಗೆ, ಝಡ್4ಕ್ಕೆ ಇರುವುದು ಎರಡೇ ಸೀಟು. ಮನೆಯವರಿಗೆ ಹೇಳಿದ್ದೀರೋ ಇಲ್ಲವೋ?

ಪ್ರಶ್ನೆ: ನಮ್ಮದು ಬಟ್ಟೆ ಟಾಪಿನ ಕಾರು. ಮಳೆಗಾಲ ಮುಗಿದ ಮೇಲೆ ಟಾಪಿನ ಮೇಲೆ ಕರಿ ಚುಕ್ಕಿ ಬಿದ್ದಿವೆ. ವಾಟರ್ ಸರ್ವಿಸ್ ಮಾಡಿಸಿದರೂ ಹೋಗಿಲ್ಲ. ಬಣ್ಣ ಹಾಕಿಸಬೇಕೇ? (ಹಾವೇರಿ)

ಉತ್ತರ: ಅದು ಬೂಸ್ಟು. ಒದ್ದೆ ಟಾಪನ್ನು ಹಾಗೇ ಮಡಚಿಟ್ಟಿದ್ದೀರಿ. ವಾಟರ್ ಸರ್ವಿಸ್‌ನವರ ಜೋರು ನೀರನ್ನು ಹತ್ತಿರದಿಂದ ಹೊಡೆಸಿದರೆ ಹೊಲಿಗೆ ಸಡಿಲಾಗಿ ನೀರು ಒಳಗೇ ಇಳಿಯುತ್ತದೆ, ಇನ್ನು ಮೇಲೆ ಬೇಡ. ಬಟ್ಟೆ ಟಾಪಿಗೆಂದೇ ಬರುವ ಕ್ಲೀನರ್, ಮೆತ್ತನೆಯ ಬ್ರಷ್, ಉಗುರುಬೆಚ್ಚಗಿನ ನೀರು ಸಾಕು. ನೆರಳಿನಲ್ಲಿ, ಟಾಪ್ ಮುಚ್ಚಿರುವಾಗ ಉಜ್ಜಿ, ಒಂದು ಇಡೀ ದಿನ ಒಣಗಲು ಬಿಡಿ. ಆಮೇಲೆ ನೀರು ನಿಲ್ಲದಂತೆ ಮಾಡುವ ಸ್ಪ್ರೇ, ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮುಂಚೆ. ಬ್ಲೀಚಿಂಗ್ ಪೌಡರ್ ಮುಟ್ಟಬೇಡಿ. ಬಣ್ಣವಂತೂ ಬೇಡವೇ ಬೇಡ.

ಪ್ರಶ್ನೆ: ಟಾಪ್ ಮಡಚುವಾಗ ಕಿರ್ ಅಂತ ಸದ್ದು. ಮೆಕ್ಯಾನಿಕ್ ಗ್ರೀಸ್ ಹಚ್ಚಿದ, ಎರಡು ವಾರ ಸುಮ್ಮನಿತ್ತು, ಈಗ ಮೊದಲಿಗಿಂತ ಜೋರು. (ಗದಗ)

ಉತ್ತರ: ಗದುಗಿನ ಕರಿ ಧೂಳಿಗೆ ಗ್ರೀಸ್ ಸಿಕ್ಕರೆ ಉಜ್ಜುವ ಕಾಗದವೇ ತಯಾರಾಗುತ್ತದೆ. ಪೂರ್ತಿ ಒರೆಸಿ ತೆಗೆಸಿ, ಬೀಡಿಂಗ್‌ಗೆ ರಬ್ಬರ್ ಕೇರ್, ಕೀಲುಗಳಿಗೆ ಒಣ ಸಿಲಿಕೋನ್ ಸ್ಪ್ರೇ ಹೊಡೆಸಿ. ಆದರೂ ಸದ್ದು ಬಂದರೆ ಅದು ಬಲಗಡೆಯದೋ ಎಡಗಡೆಯದೋ ಕಿವಿಗೊಟ್ಟು ಕೇಳಿ, ಒಂದೇ ಕಡೆಯದಾದರೆ ಆ ಬದಿಯ ಪಿಸ್ಟನ್ ಸೋರುತ್ತಿರಬಹುದು. ಅದು ರಿಪೇರಿ ಆಗುವವರೆಗೆ ಟಾಪ್ ಮುಚ್ಚಿಯೇ ಓಡಿಸಿ.