ಹೈಕ್, ಇನ್‌ಕ್ರಿಮೆಂಟ್ ಎರಡೂ ಒಂದೇನಾ?

ಪ್ರಶ್ನೆ: ನಾನು ಖಾಸಗಿ ಕಂಪನಿಯಲ್ಲಿದ್ದೇನೆ, ನಮ್ಮಣ್ಣ ಸರ್ಕಾರಿ ನೌಕರ. ಸಂಬಳ ಜಾಸ್ತಿಯಾದರೆ ನಾವು ಹೈಕ್ ಅಂತೀವಿ, ಅವನು ಇನ್‌ಕ್ರಿಮೆಂಟ್ ಅಂತಾನೆ. ಎರಡೂ ಒಂದೇ ಅಲ್ವಾ? ಕನ್ನಡದಲ್ಲಿ ಬಡ್ತಿ ಅಂದರೆ ಸಾಕಾ?

ಉತ್ತರ: ಒಂದೇ ಅಲ್ಲ. ಸಂಬಳ ಯಾವ ಕಾರಣಕ್ಕೆ ಏರಿದರೂ, ಎಷ್ಟೇ ಏರಿದರೂ ಹೈಕ್ ಅನ್ನಬಹುದು. ಇನ್‌ಕ್ರಿಮೆಂಟ್‌ಗೆ ಒಂದು ಅಳತೆ ಇದೆ. ಕೇಂದ್ರದ ಏಳನೇ ವೇತನ ಆಯೋಗದ ಪಟ್ಟಿ ನೋಡಿ. ಮೊದಲ ಹಂತದ ಮೂಲ ವೇತನ 18,000 ರೂಪಾಯಿ. ಮುಂದಿನದು 18,500, ಆಮೇಲೆ 19,100, 19,700. ಪ್ರತಿ ಸಲವೂ ಸುಮಾರು ಶೇ 3 ಏರುತ್ತದೆ. ಹೀಗೆ ಮೊದಲೇ ಗೊತ್ತಾಗಿರುವ ಒಂದೊಂದು ಏರಿಕೆಯೇ ಇನ್‌ಕ್ರಿಮೆಂಟ್. ತುಟ್ಟಿಭತ್ಯೆ ಹೆಚ್ಚಾದರೂ ಕೈಗೆ ಜಾಸ್ತಿ ಹಣ ಬರುತ್ತದೆ, ಆದರೆ ಅದು ಇನ್‌ಕ್ರಿಮೆಂಟ್ ಅಲ್ಲ.

ಬರೀ ಬಡ್ತಿ ಅಂದರೆ ಸಾಲದು. ಹೆಚ್ಚಿನವರಿಗೆ ಅದು ಪ್ರಮೋಷನ್ ಅಂತಲೇ ಕೇಳಿಸುತ್ತದೆ. ಅಣ್ಣನ ಕಚೇರಿಯ ಕಡತದಲ್ಲಿ ಇನ್‌ಕ್ರಿಮೆಂಟನ್ನು ವಾರ್ಷಿಕ ವೇತನ ಬಡ್ತಿ ಅಂತ ಪೂರ್ತಿಯಾಗಿ ಬರೆಯುತ್ತಾರೆ. ಹುದ್ದೆ ಏರಿದರೆ ಮುಂಬಡ್ತಿ. ಅರ್ಜಿ ಬರೆಯುವಾಗ ಈ ವ್ಯತ್ಯಾಸ ದಯವಿಟ್ಟು ಮರೆಯಬೇಡಿ.

ಇನ್‌ಕ್ರಿಮೆಂಟ್ ಅಂದರೆ ಏನು ಅನ್ನುವ ವಿಚಾರ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟ್ ತನಕ ಹೋಗಿದೆ. ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನ ಕೆಲವು ನೌಕರರು ವರ್ಷದ ಸೇವೆ ಮುಗಿಸಿ ಇನ್‌ಕ್ರಿಮೆಂಟ್ ಗಳಿಸಿದ್ದರು. ನಿಯಮದ ಪ್ರಕಾರ ಅದು ಸೇರುವುದು ಗಳಿಸಿದ ಮರುದಿನದಿಂದ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಇನ್‌ಕ್ರಿಮೆಂಟ್ ಕೊಡುವುದು ಮುಂದೆ ಚೆನ್ನಾಗಿ ದುಡಿಯಲಿ ಅಂತ, ಸೇವೆಯಲ್ಲೇ ಇಲ್ಲದವರಿಗೆ ಯಾಕೆ ಅನ್ನುವುದು ನಿಗಮದ ವಾದ. ಕೋರ್ಟ್ ಒಪ್ಪಲಿಲ್ಲ. ಅದು ಈಗಾಗಲೇ ಮುಗಿದ ಒಂದು ವರ್ಷದ ಒಳ್ಳೆಯ ಸೇವೆಗೆ ಸಿಗುವಂಥದ್ದು, ಮರುದಿನ ನಿವೃತ್ತರಾದರು ಅಂತ ತಪ್ಪಿಸುವ ಹಾಗಿಲ್ಲ ಎಂದು 2023ರ ಏಪ್ರಿಲ್ 11ರಂದು ತೀರ್ಪು ಕೊಟ್ಟಿತು. ನನಗಂತೂ ಇದು ತುಂಬಾ ನ್ಯಾಯವಾದ ತೀರ್ಪು ಅನಿಸುತ್ತದೆ. ಕೊನೆಯ ವೇತನ ಏರಿದರೆ ಪಿಂಚಣಿಯೂ ಏರುತ್ತದೆ. ಹಾಗಾಗಿ ಆ ಒಂದು ದಿನದ ಲೆಕ್ಕ ಜೀವಮಾನ ಪೂರ್ತಿ ಕಾಡುತ್ತಿತ್ತು.

ಇನ್ನು ನಿಮ್ಮ ವಿಷಯ. ಕಂಪನಿ ಕೊಟ್ಟ ಪತ್ರದಲ್ಲಿ ಇನ್‌ಕ್ರಿಮೆಂಟ್ ಅಂತ ಇದ್ದರೆ, ಅದು ಮೂಲ ವೇತನದ ಮೇಲೋ ಒಟ್ಟು ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಮೇಲೋ ಅಂತ ಎಚ್‌ಆರ್ ಹತ್ತಿರ ಕೇಳಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಲೆಕ್ಕ ಹಾಕುವುದು ಮುಖ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ. ಬೇರೆ ಭತ್ಯೆಗಳನ್ನಷ್ಟೇ ಏರಿಸಿದ್ದರೆ ಗ್ರಾಚ್ಯುಟಿ ಇದ್ದಲ್ಲೇ ಉಳಿಯಬಹುದು.