ಕಂದು ಬನ್ನಿನ ಬೆನ್ನು

ಪ್ರಶ್ನೆ: ಅಕ್ಕಾ, ಅಪ್ಪನಿಗೆ ಸಕ್ಕರೆ ಕಾಯಿಲೆ. ಪೇಟೆಯಿಂದ ‘ಗೋಧಿ ಬನ್ನು’ ಪ್ಯಾಕೆಟ್ ತರುತ್ತೇನೆ, ಚಹಾದ ಜೊತೆ ಎರಡು ತಿನ್ನುತ್ತಾರೆ. ಮೈದಾ ಬನ್ನಿಗಿಂತ ಒಳ್ಳೆಯದಲ್ಲವೇ?
– ಓದುಗಿ, ಶಿರಸಿ

ಉತ್ತರ: ಪ್ಯಾಕೆಟ್ಟಿನ ಮುಂಭಾಗ ಬಿಡು ತಂಗಿ, ಹಿಂದೆ ತಿರುಗಿಸು. ಅಲ್ಲಿನ ಸಾಮಗ್ರಿಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ‘ರಿಫೈನ್ಡ್ ವೀಟ್ ಫ್ಲೋರ್’ ಅಂತ ಶುರುವಾದರೆ ಅದು ಮೈದಾನೇ. ಮೊನ್ನೆ ಕಾರವಾರದಲ್ಲಿ ನಾನೂ ಒಂದು ಪ್ಯಾಕೆಟ್ ಕೊಂಡೆ. ಅಕ್ಷರ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿ, ಕಿಟಕಿ ಬೆಳಕಿಗೆ ಹಿಡಿದು ಓದಿದೆ: ಮೊದಲು ಮೈದಾ, ಮೂರನೆಯದು ಸಕ್ಕರೆ, ಕೊನೆಯಲ್ಲಿ 150ಎ. ಅದು ಕ್ಯಾರಮೆಲ್, ಅಂದರೆ ಸಕ್ಕರೆ ಕಾಯಿಸಿ ಮಾಡುವ ಕಂದು ಬಣ್ಣ. ನಾನು ತೌಡಿನ ಬಣ್ಣ ಅಂದುಕೊಂಡಿದ್ದೆ!

ಇಡೀ ಗೋಧಿಯ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರು, ಮೈದಾದಲ್ಲಿ 3ರ ಆಸುಪಾಸು. ವ್ಯತ್ಯಾಸ ಇರುವುದು ಅಲ್ಲಿ. ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ನಿಜವಾದ ಗೋಧಿ ಬನ್ನೂ ರಕ್ತದ ಸಕ್ಕರೆ ಏರಿಸುತ್ತದೆ. ಅಪ್ಪನಿಗೆ ಒಂದೇ ಕೊಡು, ಜೊತೆಗೆ ಹೆಸರುಕಾಳಿನ ಉಸಲಿ ಇರಲಿ. (ನಮ್ಮ ಹೋಟೆಲಿನ ಬಾಳೆಹಣ್ಣಿನ ಬನ್ಸ್ ಬಗ್ಗೆ ಕೇಳಬೇಡ, ಅದು ಎಣ್ಣೆಯಲ್ಲಿ ಕರಿದ ಮೈದಾ. ನಾನೂ ಬಿಟ್ಟಿಲ್ಲ.) ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕುತ್ತೀ ಅಂತ ನೀನು ಬರೆದೇ ಇಲ್ಲವಲ್ಲ?