ಮಗಳನ್ನು ಡ್ರಾಪ್ ಮಾಡಿಸಬೇಡಿ ಮಾರಾಯ್ರೇ

ಡೊಂಬಿವಲಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಮಗಳು ಹನ್ನೆರಡನೇ ಕಾಮರ್ಸ್ ಮುಗಿಸಿದ್ದಾಳೆ, ಲಾ ಓದಬೇಕಂತೆ. ನ್ಯಾಷನಲ್ ಲಾ ಯೂನಿವರ್ಸಿಟಿಗಳಿಗೆ ಸೇರುವ ಕ್ಲಾಟ್ ಪರೀಕ್ಷೆ ಬರೆದಳು, ರ್‍ಯಾಂಕ್ ಬಹಳ ಹಿಂದೆ ಬಿತ್ತು. ಮಹಾರಾಷ್ಟ್ರದ ಲಾ ಸಿಇಟಿಯಲ್ಲಿ ಚೆನ್ನಾಗಿ ಬಂದಿದೆ, ಮುಂಬೈಯ ಒಂದು ಕಾಲೇಜಿನಲ್ಲಿ ಐದು ವರ್ಷದ ಕೋರ್ಸಿಗೆ ಸೀಟು ಸಿಗಬಹುದು. ಆದರೆ ಇವರ ಭಾವ, 'ನ್ಯಾಷನಲ್ ಲಾ ಯೂನಿವರ್ಸಿಟಿ ಅಲ್ಲದಿದ್ದರೆ ಲಾ ಓದಿ ಏನು ಸುಖ? ಒಂದು ವರ್ಷ ಕಾಲೇಜು ಸೇರದೆ ಡ್ರಾಪ್ ಮಾಡಲಿ, ಕೋಚಿಂಗಿಗೆ ಹಾಕಿ' ಅನ್ನುತ್ತಾರಂತೆ. 'ಏನು ಮಾಡಲಿ ಸಂಪಾದಕರೇ?' ಅಂತ ಪತ್ರ ಮುಗಿದಿದೆ.

ಮೊದಲು ನಿಮ್ಮ ಭಾವನವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ನ್ಯಾಷನಲ್ ಲಾ ಯೂನಿವರ್ಸಿಟಿಗಳು ಒಳ್ಳೆಯವೇ. ಮೊದಲನೆಯದು ಹುಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ. ಮುಂಬೈಯಲ್ಲೂ ಒಂದಿದೆ. ದೊಡ್ಡ ದೊಡ್ಡ ಲಾ ಫರ್ಮ್‌ನವರು ಅಲ್ಲಿಗೇ ಬಂದು ಮಕ್ಕಳನ್ನು ಆರಿಸಿಕೊಂಡು ಹೋಗುತ್ತಾರೆ. ನಿಜ. ಆಯ್ತಲ್ಲ?

ಈಗ ನನ್ನ ಮಾತು ಕೇಳಿ. ಕ್ಲಾಟ್ ಅಂದರೆ ಎರಡು ಗಂಟೆಯಲ್ಲಿ 120 ಪ್ರಶ್ನೆ. ಉದ್ದುದ್ದ ಪ್ಯಾಸೇಜು, ಎಲ್ಲಾ ಇಂಗ್ಲಿಷಿನಲ್ಲೇ, ತಪ್ಪಾದರೆ ಕಾಲು ಅಂಕ ಕಟ್. ಅದು ಇಂಗ್ಲಿಷನ್ನು ಎಷ್ಟು ಬೇಗ ಓದುತ್ತೀರಿ ಅಂತ ನೋಡುವ ಪರೀಕ್ಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಮಾತ್ರ ಇಂಗ್ಲಿಷ್ ಅಂತ ಬೆಳೆದ ಹುಡುಗಿ ಅಲ್ಲಿ ಹಿಂದೆ ಬಿದ್ದಳು ಅಂದರೆ ಅವಳಿಗೆ ಕಾನೂನು ತಲೆಗೆ ಹತ್ತುವುದಿಲ್ಲ ಅಂತ ಅರ್ಥವಾ? ಅವಳು ಚೆನ್ನಾಗಿ ಮಾಡಿದ ಸಿಇಟಿಯನ್ನು ಮರಾಠಿಯಲ್ಲೂ ಬರೆಯಬಹುದು, ತಪ್ಪಿಗೆ ಅಂಕ ಕಳೆಯುವುದೂ ಇಲ್ಲ. ಹಾಗಂತ ಅದು ಕೀಳು ಅಂತ ನಿಮ್ಮ ಭಾವ ಹೇಳಿದರೆ ಅವರಿಗೆ ಚರ್ಚ್‌ಗೇಟಿನ ಸರಕಾರಿ ಲಾ ಕಾಲೇಜನ್ನು ತೋರಿಸಿ. 1855ರಿಂದ ಇರುವ ಕಾಲೇಜು ಅದು. 1935ರಲ್ಲಿ ಡಾ. ಅಂಬೇಡ್ಕರ್ ಅಲ್ಲಿ ಪ್ರಿನ್ಸಿಪಾಲ್ ಆಗಿದ್ದರು. ಅಲ್ಲಿಗೆ ಹೋಗುವುದೂ ಇದೇ ಸಿಇಟಿಯಿಂದಲೇ. ಫೀಸು ಕೇಳಿದರೆ ಕೋಚಿಂಗಿನವರು ನಾಚಿಕೊಳ್ಳಬೇಕು.

ಇನ್ನೊಂದು ವಿಷಯ. ವಕೀಲಿ ಮಾಡಲು ಸನ್ನದು ಕೊಡುವಾಗ ಬಾರ್ ಕೌನ್ಸಿಲಿನವರು ನಿಮ್ಮ ಕಾಲೇಜಿನ ಗೇಟು ಎಷ್ಟು ದೊಡ್ಡದು ಅಂತ ನೋಡುವುದಿಲ್ಲ. ಎಲ್ಲರಿಗೂ ಅದೇ ಎಐಬಿಇ, ಅಂದರೆ ಇಡೀ ದೇಶಕ್ಕೆ ಒಂದೇ ವಕೀಲರ ಪರೀಕ್ಷೆ. ನ್ಯಾಯಾಧೀಶೆ ಆಗುವ ಆಸೆ ಇದ್ದರೂ ಅಷ್ಟೇ, ಮೂರು ವರ್ಷ ವಕೀಲಿ ಮಾಡಿದವರೇ ನ್ಯಾಯಾಧೀಶರ ಪರೀಕ್ಷೆಗೆ ಬರಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲಿ ಓದಿದರೂ ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತಲೇಬೇಕು. ಆ ಮೆಟ್ಟಿಲು ಮುಂಬೈಯಲ್ಲಿರುವಾಗ ಮಗಳನ್ನು ಒಂದು ವರ್ಷ ಕೋಣೆಯಲ್ಲಿ ಕೂಡಿಹಾಕಿ ಪ್ಯಾಸೇಜು ಓದಿಸುತ್ತೀರಾ?

ಇದು ನನಗೆ ಪುಸ್ತಕದಿಂದ ಬಂದ ತಿಳುವಳಿಕೆ ಅಲ್ಲ. ನಾನು ಮುಂಬೈಯ ಫೋರ್ಟಿನ ಒಂದು ಹೋಟೆಲಿನಲ್ಲಿ ಬಿಲ್ ಬರೆಯುತ್ತಿದ್ದ ಕಾಲ. ಕುಂದಾಪುರ ಕಡೆಯ ಒಬ್ಬರು ನನಗಿಂತ ನಾಲ್ಕು ವರ್ಷ ದೊಡ್ಡವರು, ಚಾ ಕೌಂಟರಿನಲ್ಲಿ ಇರುತ್ತಿದ್ದರು. ರಾತ್ರಿ ಶಾಲೆ ಮುಗಿಸಿ, ಬಿಕಾಂ ಮುಗಿಸಿ, ಮೂರು ವರ್ಷದ ಲಾ ಓದುತ್ತಿದ್ದರು. ಬೆಳಿಗ್ಗೆ ಕ್ಲಾಸು, ಹತ್ತೂವರೆಗೆ ಕೌಂಟರು. ಬಾಯ್ಲರಿನ ಮೇಲಿನ ಹಲಗೆಯಲ್ಲಿ ಸಕ್ಕರೆ ಡಬ್ಬದ ಪಕ್ಕ ಕಾಂಟ್ರಾಕ್ಟ್ ಆಕ್ಟಿನ ಬೇರ್ ಆಕ್ಟ್, ಅಂದರೆ ಬರೀ ಕಾಯ್ದೆಯ ಪಾಠ ಇರುವ ಪುಸ್ತಕ, ಇಟ್ಟಿರುತ್ತಿದ್ದರು. ಆವಿ ಬಡಿದು ಬಡಿದು ಪುಟಗಳೆಲ್ಲಾ ಹಪ್ಪಳದ ಹಾಗೆ ಸುರುಟಿಕೊಂಡಿದ್ದವು. ಒಂದು ದಿನ ನಮ್ಮ ಧಣಿ ಬೇರೆಯವರ ಹೋಟೆಲು ನಡೆಸಲು ಹನ್ನೊಂದು ತಿಂಗಳ ಕಂಡಕ್ಟಿಂಗ್ ಅಗ್ರಿಮೆಂಟಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ಇವರು ಕೈ ಒರೆಸಿಕೊಂಡು ಬಂದು, 'ಒಂದು ನಿಮಿಷ ಧಣಿ' ಅಂತ ಕಾಗದ ಓದಿದರು. ಎದುರು ಪಾರ್ಟಿ ಯಾವಾಗ ಬೇಕಾದರೂ ಜಾಗ ಖಾಲಿ ಮಾಡಿಸಬಹುದು, ಡಿಪಾಸಿಟ್ ವಾಪಸ್ ಕೊಡಬೇಕಾಗಿಲ್ಲ ಅಂತ ಒಂದು ಸಾಲು ಒಳಗೆ ಸುಮ್ನೆ ಮಲಗಿತ್ತು. ಧಣಿ ಪೆನ್ನು ಜೇಬಿಗೆ ಹಾಕಿಕೊಂಡರು. ಆ ಮನುಷ್ಯ ಆಮೇಲೆ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದರು. ಕೋರ್ಟಿನ ಆ ದಿನದ ಪಟ್ಟಿಯಲ್ಲಿ ಅವರ ಕೇಸು ಬಂತು ಅಂದರೆ ಹೋಟೆಲಿನವರು ಕಾಣಿಕೆ ಹಾಕಿ ಬಂದವರ ಹಾಗೆ ನಿರಾಳವಾಗಿ ಬೆಂಚಿನಲ್ಲಿ ಕೂತಿರುತ್ತಿದ್ದರು. ಯಾವ ಕಾಲೇಜು ಅಂತ ಒಬ್ಬನೂ ಕೇಳಲಿಲ್ಲ.

ಅವರನ್ನು ನೋಡಿ ನಾನೂ ಲಾ ಸೇರಿದ್ದೆ. ಮೊದಲ ವರ್ಷಕ್ಕೇ ಬಿಟ್ಟೆ. ಬೆಳಿಗ್ಗೆ ಏಳುವುದು ಆಗಲಿಲ್ಲ, ಅಷ್ಟೇ ಕಾರಣ. ಅದಕ್ಕೇ ಸಂಪಾದಕ ಆದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಇಂದು ಹಾಗೆ ದುಡಿಯುತ್ತಾ ಓದುವುದು ಕಷ್ಟ. ಬಾರ್ ಕೌನ್ಸಿಲಿನ 2008ರ ನಿಯಮದ ಪ್ರಕಾರ ಹಾಜರಿ ಶೇಕಡಾ 70 ಬೇಕು, ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುವ ಹುಡುಗ ಎಲ್ಲಿಗೆ ಹೋಗಬೇಕು? ಮುಂಬೈಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಒಂದೊಂದೇ ಮುಚ್ಚಿದಾಗ ನಾವು ಒಂದೊಂದು ಸಂಪಾದಕೀಯ ಬರೆದು ಸುಮ್ಮನಾದೆವು. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಇಂಜಿನಿಯರ್ ಮಗನಿಗೆ ಶಾಲು, ಡಾಕ್ಟರ್ ಮಗಳಿಗೆ ಹಾರ. ಲಾ ಸೇರಿದ ಹುಡುಗಿಗೆ 'ಬೇರೆ ಯಾವುದೂ ಸಿಗಲಿಲ್ವಾ?' ಅಂತ ಪ್ರಶ್ನೆ. ಅದೇ ಜನ ತಮ್ಮ ಪಗಡಿ ಮನೆ, ಅಂದರೆ ಮುಂಗಡ ಕೊಟ್ಟು ಹಿಡಿದ ಹಳೇ ಬಾಡಿಗೆ ಮನೆ, ಬಿಲ್ಡರ್ ಕೈಗೆ ಹೋಗುವ ದಿನ ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡುತ್ತಾರೆ, 'ನಮ್ಮವರಲ್ಲಿ ಯಾರಾದರೂ ವಕೀಲರು ಗೊತ್ತಾ?' ಅಂತ. ಎಲ್ಲಿಂದ ತರಲಿ? ನೀವೆಲ್ಲಾ ಸೇರಿ ಅವರನ್ನು ಕೋಚಿಂಗ್ ಕ್ಲಾಸಿನಲ್ಲಿ ಕೂರಿಸಿದ್ದೀರಲ್ಲ!

ಕೋಪ ಮಾಡಿಕೊಳ್ಳಬೇಡಿ. ಪತ್ರ ಬರೆದು ಕೇಳಿದಿರಿ, ಅದೇ ದೊಡ್ಡದು. ಆದರೆ ಒಂದು ಮಾತು ಹೇಳಲೇಬೇಕು. ನಿಮ್ಮ ಎರಡು ಪುಟದಲ್ಲಿ ಭಾವ ನಾಲ್ಕು ಸಲ ಬಂದಿದ್ದಾರೆ. ಮಗಳು ಲಾ ಬೇಕು ಅಂದದ್ದು ಬಿಟ್ಟರೆ, ಡ್ರಾಪ್ ಬಗ್ಗೆ ಅವಳಿಗೆ ಏನನ್ನಿಸುತ್ತದೆ ಅಂತ ಒಂದು ಸಾಲೂ ಇಲ್ಲ.

ಈಗ ಕೆಲಸದ ಮಾತು. ಸಿಇಟಿ ಬರೆದಾಯಿತು ಅಂತ ಕೂರಬೇಡಿ. ಸೀಟಿಗೆ ಕ್ಯಾಪ್ ಅಂತ ಬೇರೆ ಅರ್ಜಿ ಇದೆ, ಅದನ್ನು ತುಂಬದಿದ್ದರೆ ಎಷ್ಟು ಪರ್ಸೆಂಟೈಲ್ ಬಂದರೂ ಅಷ್ಟೇ. ಈ ರಾಜ್ಯದ ನಿವಾಸಿ ಅನ್ನುವ ಡೊಮಿಸೈಲ್ ಸರ್ಟಿಫಿಕೇಟು ಇನ್ನೂ ಮಾಡಿಸಿಲ್ಲದಿದ್ದರೆ ನಾಳೆಯೇ ಕಲ್ಯಾಣದ ತಹಸೀಲ್ದಾರ್ ಕಚೇರಿ ಕಡೆ ಹೊರಡಿ. ಮೀಸಲಾತಿ ಕೇಳುವುದಿದ್ದರೆ ಊರಿನಿಂದ ತಂದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುತ್ತದೆ ಅಂತ ನಂಬಿ ಕೂರಬೇಡಿ, ಮೊದಲೇ ವಿಚಾರಿಸಿ. ಹಳೇ ಪುಸ್ತಕ ಕೊಳ್ಳುವಾಗಲೂ ಜಾಗ್ರತೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಫುಟ್‌ಪಾತಿನವರು ಇನ್ನೂ ಐಪಿಸಿಯನ್ನೇ ಕೊಡುತ್ತಾರೆ.

ಕಾಂಟ್ರಾಕ್ಟ್ ಆಕ್ಟ್ ಮಾತ್ರ ಕೊಳ್ಳಬೇಡಿ. 1872ರ ಕಾಯ್ದೆ, ಇನ್ನೂ ಅದೇ ನಡೆಯುತ್ತಿದೆ. ಬಾಯ್ಲರಿನ ಮೇಲಿದ್ದ ಆ ಪುಸ್ತಕವನ್ನು ಅವರು ನನಗೆ ಕೊಟ್ಟಿದ್ದರು, ಡ್ರಾಯರಿನಲ್ಲಿ ಹಾಗೇ ಇದೆ. ಶನಿವಾರ ಮಧ್ಯಾಹ್ನದ ಮೇಲೆ ಕಚೇರಿಯಲ್ಲಿರುತ್ತೇನೆ. ಮಗಳನ್ನು ಕರೆದುಕೊಂಡು ಬನ್ನಿ. ಭಾವನವರು ಮನೆಯಲ್ಲೇ ಇರಲಿ.

— ಸಂ.